ಸಂಡೂರಿನ ಗುಡ್ಡದಲ್ಲಿ ಅರಳಿದ್ದು ನೀಲಕುರಿಂಜಿಯೇ?

ಪ್ರಶ್ನೆ: ನನ್ನ ಊರು ಸಂಡೂರು, ಕೆಲಸ ತೋರಣಗಲ್ಲಿನಲ್ಲಿ. ಸೆಪ್ಟೆಂಬರ್ ಕೊನೆಯ ವಾರ ಮನೆಯವರೊಂದಿಗೆ ಕುಮಾರಸ್ವಾಮಿ ದೇವಸ್ಥಾನಕ್ಕೆ ಹೋಗಿದ್ದಾಗ, ದಾರಿಯಿಂದ ಸ್ವಲ್ಪ ಒಳಗೆ, ಕುರುಚಲು ಕಾಡಿನ ನಡುವಿನ ಒಂದು ಇಳಿಜಾರಿನಲ್ಲಿ ಸೊಂಟದೆತ್ತರದ ಗಿಡಗಳು ಒಂದೇ ಸಮನೆ ತಿಳಿನೇರಳೆ ಹೂ ಬಿಟ್ಟಿದ್ದನ್ನು ಕಂಡೆ. ಅಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬರು, ‘ಇದು ವರ್ಷಾವರ್ಷ ಬರೂ ಹೂವಲ್ಲ, ಹಿಂದೊಮ್ಮೆ ಹೀಂಗ ಗುಡ್ಡ ತುಂಬಾ ಆಗಿತ್ತು’ ಎಂದರು. ನಾನು ತೆಗೆದ ಚಿತ್ರವನ್ನು ಗೆಳೆಯನೊಬ್ಬ ‘ಸಂಡೂರಿನಲ್ಲಿ ನೀಲಕುರಿಂಜಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚಿದ ಮೇಲೆ ಭಾನುವಾರ ಜನ ಗುಂಪಾಗಿ ಬಂದರು; ಕೆಲವರು ಗಿಡಗಳನ್ನು ಬೇರುಸಹಿತ ಕಿತ್ತೊಯ್ದರು. ಇದು ನಿಜವಾಗಿಯೂ ನೀಲಕುರಿಂಜಿಯೇ? ಅಷ್ಟು ಎತ್ತರವಿಲ್ಲದ ನಮ್ಮ ಗುಡ್ಡದಲ್ಲಿ ಅದು ಬೆಳೆಯಬಲ್ಲದೇ? ಇದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬುದು ನಿಜವೇ? ಬೀಜ ತಂದು ನಮ್ಮ ಶಾಲೆಯ ತೋಟದಲ್ಲಿ ಬೆಳೆಸಬಹುದೇ? ಅರಣ್ಯ ಇಲಾಖೆಗೆ ತಿಳಿಸಿದರೆ ಒಳ್ಳೆಯದಾಗುವುದೋ, ಅಥವಾ ಸುಮ್ಮನಿರುವುದೇ ಲೇಸೋ? ನಾಲ್ಕು ಚಿತ್ರಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಹೂವಿನ ಹೆಸರು ತಿಳಿಯಬೇಕೆಂಬ ಕುತೂಹಲದ ಜೊತೆಗೆ, ಆ ಹೆಸರು ಊರಿಗೆಲ್ಲ ತಿಳಿದರೆ ಹೂವಿನ ಗತಿಯೇನು ಎಂಬ ಅಳುಕೂ ನಿಮ್ಮ ಪತ್ರದಲ್ಲಿದೆ. ಆ ಅಳುಕಿಗೆ ಆಧಾರವಿದೆ. ಹೆಸರಿನ ವಿಚಾರವನ್ನು ಮೊದಲು ಇತ್ಯರ್ಥಪಡಿಸಿಕೊಂಡರೆ ಉಳಿದ ಪ್ರಶ್ನೆಗಳಿಗೆ ಉತ್ತರ ಹೇಳುವುದು ಸುಲಭವಾಗುತ್ತದೆ.

ನೀವು ಕಳಿಸಿದ ನಾಲ್ಕು ಚಿತ್ರಗಳು ಒಂದೇ ಗಿಡದವಲ್ಲ. ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿರುವ ಮೊದಲನೆಯ ಚಿತ್ರ, ಅಂದರೆ ಒಂದೇ ಹೂವನ್ನು ತೀರಾ ಹತ್ತಿರದಿಂದ ತೆಗೆದದ್ದು, ಕುರಿಂಜಿಯದಲ್ಲ. ಅದು ನಮ್ಮ ಒಣಕಾಡುಗಳಲ್ಲಿ ಪ್ರತಿ ವರ್ಷ ಮಳೆಗಾಲದ ಕೊನೆಗೆ ಹೂ ಬಿಡುವ ನೇರಳೆ ಗೋರಟೆ, ಸಸ್ಯಶಾಸ್ತ್ರದಲ್ಲಿ ಬಾರ್ಲೇರಿಯ ಕ್ರಿಸ್ಟಾಟ. ಇದನ್ನು ಖಚಿತವಾಗಿ ಹೇಳಲು ಕಾರಣ ಹೂವಿನ ಕೆಳಗಿನ ಪುಷ್ಪಪಾತ್ರೆ. ಗೋರಟೆಯ ಪುಷ್ಪಪಾತ್ರೆಯಲ್ಲಿ ನಾಲ್ಕು ದಳಗಳಿದ್ದು, ಹೊರಗಿನ ಎರಡು ದೊಡ್ಡದಾಗಿ, ನರಗಳು ಎದ್ದು ಕಾಣುವಂತೆ, ಅಂಚಿನಲ್ಲಿ ಮುಳ್ಳಿನಂಥ ಹಲ್ಲುಗಳನ್ನು ಹೊಂದಿರುತ್ತವೆ. ಒಳಗಿನ ಎರಡು ಕಿರಿದಾಗಿ ಅಡಗಿರುತ್ತವೆ. ಕುರಿಂಜಿಯ ಬಳಗದಲ್ಲಿ ಪುಷ್ಪಪಾತ್ರೆ ಐದು ಸೀಳುಗಳದ್ದು. ನಿಮ್ಮ ಚಿತ್ರದಲ್ಲಿ ಆ ಎರಡು ಹಲ್ಲುಳ್ಳ ದಳಗಳು ಸ್ಪಷ್ಟವಾಗಿ ಕಾಣುತ್ತಿವೆ. ಬಹುಶಃ ದಾರಿಯ ಪಕ್ಕದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಅದು. ಬಣ್ಣ ಹೊಂದಿಕೆಯಾದ್ದರಿಂದ ಒಳಗಿನ ಇಳಿಜಾರಿನ ಗಿಡವೂ ಅದೇ ಎಂದು ತೋರಿರಬೇಕು.

ಉಳಿದ ಮೂರು ಚಿತ್ರಗಳ ಗಿಡ ಬೇರೆ. ಅದು ಸ್ಟ್ರೊಬಿಲಾಂತಿಸ್ ಕುಲಕ್ಕೆ, ಅಂದರೆ ಕುರಿಂಜಿಯ ಕುಲಕ್ಕೆ ಸೇರಿದ್ದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಕಾಂಡ ನಾಲ್ಕು ಮೂಲೆಯದು, ಎಲೆಗಳು ಎದುರುಬದುರು, ಎಲೆಯಂಚು ಗರಗಸದ ಹಾಗೆ ಸಣ್ಣ ಹಲ್ಲುಗಳುಳ್ಳದ್ದು, ಹೂವು ಗಂಟೆಯಾಕಾರದ್ದು. ಎಲ್ಲಕ್ಕಿಂತ ಮುಖ್ಯವಾದುದು ತೆನೆ. ಹಸಿರು ಉಪಪತ್ರಗಳು, ಅಂದರೆ ಹೂವಿನ ಬುಡದ ಸಣ್ಣ ಎಲೆಗಳು, ಒಂದರ ಮೇಲೊಂದು ಒತ್ತಾಗಿ ಕೂತು, ಅವುಗಳ ಸಂದಿನಿಂದ ಹೂ ಹೊರಬರುತ್ತದೆ. ನಮ್ಮ ಮನೆಯ ಹೆಣ್ಣುಮಕ್ಕಳು ಮುಡಿಯುವ ಕನಕಾಂಬರದ ತೆನೆಯನ್ನು ನೋಡಿದವರಿಗೆ ಈ ರಚನೆ ಹೊಸದಲ್ಲ. ಕನಕಾಂಬರ, ಆಡುಸೋಗೆ, ಗೋರಟೆ, ಕುರಿಂಜಿ ಎಲ್ಲವೂ ಒಂದೇ ಅಕ್ಯಾಂತೇಸಿ ಕುಟುಂಬದವು. ಈ ಕಾರಣಕ್ಕೇ ಇವುಗಳ ನಡುವೆ ಗೊಂದಲ ಹುಟ್ಟುವುದು ಸಹಜ.

ಆದರೆ ಕುಲ ತಿಳಿದ ಮಾತ್ರಕ್ಕೆ ಜಾತಿ ತಿಳಿಯುವುದಿಲ್ಲ. ಸ್ಟ್ರೊಬಿಲಾಂತಿಸ್ ಕುಲದಲ್ಲಿ ಏಷ್ಯಾದಾದ್ಯಂತ ನೂರಾರು ಜಾತಿಗಳಿವೆ. ಪಶ್ಚಿಮ ಘಟ್ಟದಲ್ಲಿಯೇ ಹತ್ತಾರು ಜಾತಿಗಳು ಸಿಗುತ್ತವೆ. ಕೆಲವು ಪ್ರತಿ ವರ್ಷ ಹೂ ಬಿಡುತ್ತವೆ. ಕೆಲವು ಏಳೆಂಟು ವರ್ಷಕ್ಕೊಮ್ಮೆ ಅರಳುತ್ತವೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವುದಕ್ಕೆ ಹೆಸರಾದ ನೀಲಕುರಿಂಜಿ, ಅಂದರೆ ಸ್ಟ್ರೊಬಿಲಾಂತಿಸ್ ಕುಂತಿಯಾನ, ಇವುಗಳಲ್ಲಿ ಒಂದು ಮಾತ್ರ. ಸಹ್ಯಾದ್ರಿಯ ಉತ್ತರ ಭಾಗದಲ್ಲಿ ಹೇರಳವಾಗಿರುವ ಕಾರ್ವಿ ಇದೇ ಕುಲದ್ದಾದರೂ ಆಳೆತ್ತರವನ್ನೂ ಮೀರಿ ಬೆಳೆಯುತ್ತದೆ, ಅದರ ಎಲೆ ಗೇಣುದ್ದಕ್ಕೆ ಬರುತ್ತದೆ, ಕಾಂಡದ ಮೇಲೆ ಗಂಟುಗಂಟಾದ ನರುಲಿಗಳಿರುತ್ತವೆ, ತೆನೆ ಕೈಗೆ ಅಂಟುತ್ತದೆ. ಸೆಸಿಲಿಸ್ ಎಂಬ ಇನ್ನೊಂದು ಜಾತಿಯಲ್ಲಿ ಎಲೆಗೆ ತೊಟ್ಟೇ ಇರುವುದಿಲ್ಲ, ಎಲೆ ಕಾಂಡಕ್ಕೇ ಅಂಟಿಕೊಂಡಂತೆ ಕಾಣುತ್ತದೆ. ನಿಮ್ಮ ಗಿಡದ ಎಲೆ ಚಿಕ್ಕದು, ಅದಕ್ಕೆ ಗಿಡ್ಡ ತೊಟ್ಟಿದೆ, ಗಿಡ ಸೊಂಟದೆತ್ತರದ್ದು. ಹೀಗಾಗಿ ಕಾರ್ವಿಯನ್ನೂ ಸೆಸಿಲಿಸನ್ನೂ ಬಿಡಬಹುದು. ಎಳೆಯ ಹೂವು ತಿಳಿನೀಲಿಯಾಗಿದ್ದು ಬಲಿತ ಹಾಗೆ ನೇರಳೆಗೆ ತಿರುಗಿರುವುದು ಮೂರನೆಯ ಚಿತ್ರದಲ್ಲಿ ಕಾಣುತ್ತಿದೆ. ಇದು ನೀಲಕುರಿಂಜಿಯ ಸ್ವಭಾವಕ್ಕೆ ಸರಿಹೊಂದುತ್ತದೆ. ಇಷ್ಟರ ಮೇಲೆ, ಇದು ನೀಲಕುರಿಂಜಿಯಾಗಿರುವ ಸಾಧ್ಯತೆ ಬಲವಾಗಿದೆ ಎಂದು ಹೇಳುತ್ತೇನೆ. ಎಲೆಯ ಹಿಂಬದಿಯ ಚಿತ್ರವೂ ತೆನೆಯನ್ನು ಬದಿಯಿಂದ ತೆಗೆದ ಚಿತ್ರವೂ ಬಂದ ಮೇಲೆ ‘ಸಾಧ್ಯತೆ’ ಎಂಬ ಮಾತನ್ನು ಬಿಡಬಹುದೋ ಇಲ್ಲವೋ ನೋಡೋಣ.

ನಿಮ್ಮ ಗೆಳೆಯರು ‘ಇದನ್ನು ನಾನು ರಸ್ತೆ ಬದಿಯಲ್ಲೂ ನೋಡಿದ್ದೇನೆ’ ಎಂದು ವಾದಿಸಿದರೆ, ಅವರು ನೋಡಿದ್ದು ಹೆಚ್ಚಾಗಿ ರುಯೆಲಿಯ ಟ್ಯೂಬರೋಸ. ಒಣಗಿದ ಕಾಯಿಯನ್ನು ಮಕ್ಕಳು ನೀರಿಗೆ ಹಾಕಿ ಪಟ್ ಎಂದು ಸಿಡಿಸಿ ಆಡುತ್ತಾರಲ್ಲ, ಆ ಗಿಡ. ಅದು ಅಮೆರಿಕದ ಉಷ್ಣವಲಯದಿಂದ ಬಂದದ್ದು, ಅಗೆದ ಮಣ್ಣಿನಲ್ಲಿ, ಕಾಲುವೆಯ ಬದುವಿನಲ್ಲಿ ಸಲೀಸಾಗಿ ಹಬ್ಬುತ್ತದೆ. ಅದರ ಹೂಗಳು ಒತ್ತಾದ ತೆನೆಯಲ್ಲಿ ಇರುವುದಿಲ್ಲ. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನ ಕಳೆಯುವಷ್ಟರಲ್ಲಿ ಉದುರುತ್ತದೆ. ನಾಲ್ಕು ಮೂಲೆಯ ಕಾಂಡವನ್ನೊಂದೇ ಗುರುತಾಗಿ ಹಿಡಿದರೂ ತಪ್ಪಾದೀತು, ಏಕೆಂದರೆ ನಮ್ಮ ಗುಡ್ಡಗಳನ್ನು ಆವರಿಸಿಕೊಂಡಿರುವ ಹಿಪ್ಟಿಸ್ ಎಂಬ ಘಾಟುವಾಸನೆಯ ಕಳೆಗೂ ಅಂಥದೇ ಕಾಂಡವಿದೆ, ಸಣ್ಣ ನೀಲಿ ಹೂವೂ ಇದೆ. ಎಲೆಯನ್ನು ಉಜ್ಜಿ ಮೂಸಿದರೆ ಹಿಪ್ಟಿಸ್ ತಕ್ಷಣ ತನ್ನ ಗುರುತು ಹೇಳುತ್ತದೆ.

ಇನ್ನು ಎತ್ತರದ ಪ್ರಶ್ನೆ. ನೀಲಕುರಿಂಜಿಯ ಮುಖ್ಯ ನೆಲೆ ನೀಲಗಿರಿ, ಪಳನಿ, ಆನೆಮಲೆ ಸಾಲುಗಳ ಎತ್ತರದ ಹುಲ್ಲುಗಾವಲು. ಸಾಮಾನ್ಯವಾಗಿ 1,300ರಿಂದ 2,400 ಮೀಟರ್ ಎತ್ತರದಲ್ಲಿ ಅದು ಬೆಳೆಯುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಸಂಡೂರಿನ ಶಿಖರಗಳಾದರೋ ಸಾವಿರ ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತವೆ. ಆದುದರಿಂದ ನಿಮ್ಮ ಅನುಮಾನ ತರ್ಕಬದ್ಧವೇ. ಹಾಗಿದ್ದರೂ ಪಶ್ಚಿಮ ಘಟ್ಟದ ಹೊರಗೆ ನೀಲಕುರಿಂಜಿ ದಾಖಲಾಗಿರುವ ಕೆಲವೇ ಜಾಗಗಳಲ್ಲಿ ತಮಿಳುನಾಡಿನ ಶೇರ್ವರಾಯನ್ ಬೆಟ್ಟಗಳ ಜೊತೆಗೆ ನಮ್ಮ ಸಂಡೂರಿನ ಗುಡ್ಡಗಳ ಹೆಸರೂ ಇದೆ. ಅಂದರೆ ನೀವು ಕಂಡದ್ದು ಅಸಂಭವವಾದುದೇನೂ ಅಲ್ಲ.

ಇದು ಹೇಗೆ ಸಾಧ್ಯವೆಂದು ತಿಳಿಯಲು ಗುಡ್ಡವನ್ನು ಮೀಟರಿನಲ್ಲಿ ಅಳೆದರೆ ಸಾಲದು, ಅಲ್ಲಿನ ಮಣ್ಣು, ಗಾಳಿ, ಬೆಳಕುಗಳನ್ನೂ ನೋಡಬೇಕು. ಬಳ್ಳಾರಿಯ ಬಯಲಿನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಆಗಸ್ಟ್ ಸೆಪ್ಟೆಂಬರಿನ ಬೆಳಗುಗಳಲ್ಲಿ ಸ್ವಾಮಿಮಲೆಯ ನೆತ್ತಿ ಮೋಡದಲ್ಲಿ ಮುಳುಗಿರುವುದನ್ನು ಸಂಡೂರಿನವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಬಳ್ಳಾರಿಯ ದಂಡಿನವರಿಗಾಗಿ ರಾಮನದುರ್ಗದ ಮೇಲೆ ಆರೋಗ್ಯಧಾಮ ಮಾಡಿಕೊಂಡದ್ದು ಈ ತಂಪಿನ ಸಲುವಾಗಿಯೇ. ‘ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ’ ಎಂದು 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿ ಹೇಳಿದರೆಂದು ಊರಿನವರು ಹೇಳಿಕೊಳ್ಳುತ್ತಾರೆ. ಸಸ್ಯ ಹುಡುಕುವವರಿಗೂ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಎರಡನೆಯ ಕಾರಣ ನೆಲದ್ದು. ಗುಡ್ಡದ ತಲೆಯ ಮೇಲೆ ಕಬ್ಬಿಣದ ಅದಿರಿನ ಗಟ್ಟಿ ಹೊದಿಕೆಯಿದೆ, ಮಣ್ಣು ತೆಳುವಾಗಿದೆ, ನೀರು ನಿಲ್ಲದೆ ಹರಿದುಹೋಗುತ್ತದೆ. ಕೆಳಗಿನ ಕಣಿವೆಗಳಲ್ಲಿ ದಿಂಡಿಗ, ಹೊನ್ನೆ, ಕಕ್ಕೆಗಳು ಮರವಾಗಿ ಬೆಳೆದರೆ, ಮೇಲೆ ಅವೇ ಕುಳ್ಳಾಗಿ, ದೂರದೂರವಾಗಿ ನಿಂತು ನಡುವೆ ಹುಲ್ಲಿಗೂ ಪೊದೆಗೂ ಬೆಳಕು ಬಿಡುತ್ತವೆ. ಕುರಿಂಜಿಗೆ ಬೇಕಾದದ್ದು ಇದೇ: ಬೆಳಕು, ಬಸಿಯುವ ಮಣ್ಣು, ಬೆಳೆಯುವ ಕಾಲದಲ್ಲಿ ತೇವದ ಗಾಳಿ. ದಟ್ಟ ಕಾಡಿನ ನೆರಳಿನಲ್ಲಿ ಇದನ್ನು ಹುಡುಕಿದರೆ ಸಿಗದು. ತೀರಾ ಬೋಳು ಬಂಡೆಯ ಮೇಲೂ ಸಿಗದು. ಕುರುಚಲು ಕಾಡು ಹುಲ್ಲಿಗೆ ಎಡೆಮಾಡಿಕೊಡುವ ಅಂಚಿನಲ್ಲಿ, ನೀವು ವಿವರಿಸಿದಂಥ ಇಳಿಜಾರಿನಲ್ಲಿ, ಅದು ನೆಲೆಸುತ್ತದೆ.

ಹೀಗೆ ಬಯಲುಗಳ ನಡುವೆ ಒಂಟಿಯಾಗಿ ಉಳಿದ ಗುಂಪಿಗೆ ಒಂದು ಕಷ್ಟವಿದೆ. ಕೇರಳದ ಮುನ್ನಾರಿನಲ್ಲಿ ಒಂದು ಇಳಿಜಾರಿನ ಗಿಡಗಳು ನಾಶವಾದರೆ ಪಕ್ಕದ ಇಳಿಜಾರಿನಿಂದ ಬೀಜ ಬರಬಹುದು. ಸಂಡೂರಿಗೆ ಅಂಥ ನೆರೆಮನೆ ಇಲ್ಲ.

ಹನ್ನೆರಡು ವರ್ಷದ ಮಾತಿಗೆ ಬರೋಣ. ಮುನ್ನಾರು ಮತ್ತು ಪಳನಿ ಭಾಗದ ಹೂಬಿಡುವಿಕೆಯ ಲೆಕ್ಕ 1838ರಿಂದ ಸಿಗುತ್ತದೆ. ಇತ್ತೀಚಿನವು 1994, 2006, 2018, ಮುಂದಿನದು 2030ಕ್ಕೆ. ಈ ಲೆಕ್ಕವನ್ನು ಇಡೀ ದೇಶದ ಕುರಿಂಜಿಗೆಲ್ಲ ಹಚ್ಚಿ, ‘ಈ ವರ್ಷ ಸರದಿಯಲ್ಲ, ಆದ್ದರಿಂದ ಇದು ಕುರಿಂಜಿಯಲ್ಲ’ ಎನ್ನುವವರಿದ್ದಾರೆ. ಅದು ಸರಿಯಲ್ಲ. ಮುನ್ನಾರು ಇರುವ ಇಡುಕ್ಕಿ ಜಿಲ್ಲೆಯದೇ ಕಳ್ಳಿಪ್ಪಾರ ಬೆಟ್ಟದಲ್ಲಿ 2022ರಲ್ಲಿ ಬೆಟ್ಟ ತುಂಬ ಹೂವಾಯಿತು. ನಮ್ಮಲ್ಲಿ ಕೊಡಗಿನ ಮಾಂದಲಪಟ್ಟಿ 2021ರಲ್ಲಿ, ಚಿಕ್ಕಮಗಳೂರಿನ ಚಂದ್ರದ್ರೋಣ ಸಾಲು 2022ರಲ್ಲಿ ಕುರಿಂಜಿಯ ಸುದ್ದಿಯಾದವು. ಜಾತಿ ಬೇರೆಯಾದರೆ ಅವಧಿ ಬೇರೆ, ಒಂದೇ ಜಾತಿಯಲ್ಲಿಯೂ ಒಂದೊಂದು ಗುಡ್ಡದ ಗುಂಪಿಗೆ ಅದರದೇ ಸರದಿ. ಇದರ ಜೊತೆಗೆ, ಎಲ್ಲ ಗುಂಪುಗಳಲ್ಲಿಯೂ ಸರದಿ ತಪ್ಪಿ ಅಲ್ಲೊಂದು ಇಲ್ಲೊಂದು ಗಿಡ ಹೂ ಬಿಡುವುದುಂಟು. ಸಂಡೂರಿನ ಸರದಿಯನ್ನು ಸಂಡೂರಿನಲ್ಲಿಯೇ ಕಂಡುಕೊಳ್ಳಬೇಕು.

ಈ ಕೆಲಸದಲ್ಲಿ ನೀವು ಭೇಟಿಯಾದ ಕುರಿಗಾಹಿ ಅಜ್ಜನ ನೆನಪು ಬಹಳ ಬೆಲೆಯುಳ್ಳದ್ದು. ‘ಎಷ್ಟು ವರ್ಷವಾಯಿತು’ ಎಂದು ಕೇಳಿದರೆ ಯಾರೇ ಆದರೂ ಅಂದಾಜಿನ ಮಾತನ್ನೇ ಹೇಳುತ್ತಾರೆ. ಅದರ ಬದಲು, ಹಿಂದೆ ಹೂ ಬಂದದ್ದು ಗಣಿ ನಿಂತ ವರ್ಷದ ಮುಂಚೆಯೋ ಆಮೇಲೋ, ದೊಡ್ಡ ನೆರೆ ಬಂದು ಊರುಗಳು ಮುಳುಗಿದ ವರ್ಷದ ಮುಂಚೆಯೋ ಆಮೇಲೋ ಎಂದು ಕೇಳಿ. ಗಣಿ ನಿಂತದ್ದು 2011, ನೆರೆ ಬಂದದ್ದು 2009. ಅವರ ನೆನಪು ತಾನಾಗಿಯೇ ಇಸವಿಗೆ ಬಂದು ಕೂರುತ್ತದೆ. ಇನ್ನೊಬ್ಬಿಬ್ಬರು ಹಿರಿಯರನ್ನು ಬೇರೆಬೇರೆಯಾಗಿ ಕೇಳಿ ತಾಳೆ ನೋಡಿ.

ಗಿಡಗಳೆಲ್ಲ ಒಂದೇ ಎತ್ತರದಲ್ಲಿದ್ದವು ಎಂದು ನೀವು ಬರೆದಿರುವುದನ್ನು ನಾನು ಮತ್ತೆ ಓದಿದೆ. ಗೋರಟೆಯ ಪೊದೆಯಲ್ಲಿ ಅಥವಾ ಲಕ್ಕಿ ಗಿಡಗಳ ಗುಂಪಿನಲ್ಲಿ ಹಳೆಯದು, ಎಳೆಯದು, ನಡುವಯಸ್ಸಿನದು ಬೆರೆತಿರುತ್ತವೆ. ಕುರಿಂಜಿಯ ಗುಂಪಿನಲ್ಲಿ ಎಲ್ಲವೂ ಒಂದೇ ಮಳೆಗೆ ಮೊಳೆತವು. ಈ ಗಿಡ ಬದುಕಿನಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು, ಬೀಜ ಕಟ್ಟಿ, ಒಣಗಿ ಸಾಯುತ್ತದೆ. ಮುಂದಿನ ತಲೆಮಾರು ಪೂರ್ತಿಯಾಗಿ ಆ ಬೀಜದಿಂದಲೇ ಬರಬೇಕು. ಬಿದಿರು ಹೂ ಬಿಟ್ಟು ಮೆಳೆಯೇ ಒಣಗುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಹೀಗೆ ಒಟ್ಟಿಗೇ ಅರಳುವುದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆಗಳಲ್ಲಿ ಹೆಚ್ಚು ಒಪ್ಪಿತವಾದುದು, ಬೀಜ ತಿನ್ನುವ ಹುಳುಹುಪ್ಪಟೆ, ಇಲಿ, ಹಕ್ಕಿಗಳು ಎಷ್ಟು ತಿಂದರೂ ಮಿಗುವಷ್ಟು ಬೀಜವನ್ನು ಒಂದೇ ಸಲ ಸುರಿಯುವುದು ಎಂಬುದು. ನಡುವಿನ ವರ್ಷಗಳಲ್ಲಿ ಆ ಬೀಜವನ್ನೇ ನಂಬಿದ ಜೀವಿಗಳ ಸಂಖ್ಯೆ ಏರುವುದಿಲ್ಲ. ಕಾಯಿಯೊಂದರಲ್ಲಿ ನಾಲ್ಕಕ್ಕಿಂತ ಹೆಚ್ಚು ಬೀಜವಿರುವುದಿಲ್ಲ, ಒಣಗಿದ ಕಾಯಿ ಸಿಡಿದು ಬೀಜವನ್ನು ಕೆಲವು ಅಡಿಗಳಾಚೆ ಎಸೆಯುತ್ತದೆ, ಅಷ್ಟೆ. ಗಾಳಿಯಲ್ಲಿ ತೇಲುವ ರೆಕ್ಕೆಯಾಗಲಿ, ಹಕ್ಕಿ ನುಂಗಿ ಒಯ್ಯುವ ತಿರುಳಾಗಲಿ ಇಲ್ಲ. ಒಂದು ಇಳಿಜಾರಿನ ಕುರಿಂಜಿ ಆ ಇಳಿಜಾರನ್ನು ಬಿಟ್ಟು ದೂರ ಹೋಗಲಾರದು.

ಕಿತ್ತೊಯ್ದವರ ಮನೆಯ ಕುಂಡದಲ್ಲಿ ಆ ಗಿಡ ಏಕೆ ಉಳಿಯುವುದಿಲ್ಲ ಎಂಬುದಕ್ಕೂ ಇದೇ ಉತ್ತರ. ಹೂ ಬಿಟ್ಟ ಕುರಿಂಜಿಯನ್ನು ಎಷ್ಟೇ ಮಣ್ಣುಸಹಿತ, ಎಷ್ಟೇ ಜೋಪಾನವಾಗಿ ತಂದು ನೆಟ್ಟರೂ ಅದರ ಆಯುಷ್ಯ ಮುಗಿದಿರುತ್ತದೆ. ಗುಡ್ಡದ ಮೇಲೆಯೇ ಬಿಟ್ಟಿದ್ದರೆ ಕಟ್ಟುತ್ತಿದ್ದ ಬೀಜ ಮಾತ್ರ ನಷ್ಟ. ಇದನ್ನು ನಿಮ್ಮ ವಾಟ್ಸ್ಆ್ಯಪ್ ಬಳಗಕ್ಕೆ ಈ ಮಾತುಗಳಲ್ಲಿಯೇ ತಿಳಿಸಿ. ಕಾನೂನಿನ ಬೆದರಿಕೆಗಿಂತ ಇದು ಜನರಿಗೆ ಬೇಗ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ. ಕಾನೂನೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಮಾಡಿದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅದರ ಮೂರನೆಯ ಅನುಸೂಚಿಯ ಸಸ್ಯಗಳಲ್ಲಿ ನೀಲಕುರಿಂಜಿ ಸೇರಿದೆ. ಅರಣ್ಯ ಪ್ರದೇಶದಲ್ಲಿ ಅದನ್ನು ಕೀಳುವುದು, ಹಾನಿ ಮಾಡುವುದು, ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿಯೂ ಇದು ಅಪಾಯದಂಚಿಗೆ ಸರಿಯಬಲ್ಲ ಸಸ್ಯವೆಂದು ದಾಖಲಾಗಿದೆ.

ಔಷಧದ ವಿಚಾರವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆಗೆ ನೀಲಕುರಿಂಜಿಯ ಎಲೆಯ ಕಷಾಯ ಕುಡಿಯಬೇಡಿ, ಕುಡಿಯುವವರನ್ನು ಪ್ರೋತ್ಸಾಹಿಸಲೂ ಬೇಡಿ. ರೋಗಿಗಳ ಮೇಲೆ ಪರೀಕ್ಷಿಸಿ ಗುಣ ಕಂಡುಕೊಂಡ ಮದ್ದು ಅದಲ್ಲ. ಈ ನಂಬಿಕೆ ಎಲ್ಲಿಂದ ಬಂದಿರಬಹುದು ಎಂಬುದನ್ನು ಮಾತ್ರ ಊಹಿಸಬಹುದು. ಆಯುರ್ವೇದದಲ್ಲಿ ‘ಸಹಚರ’ ಎಂಬ ಮೂಲಿಕೆಯಿದೆ. ಕೇರಳದ ವೈದ್ಯರು ಅದಕ್ಕೆ ಕುರಿಂಜಿ ಕುಲದ ಇನ್ನೊಂದು ಜಾತಿಯನ್ನು ಬಳಸಿದರೆ, ಬೇರೆ ಕಡೆ ಮುಳ್ಳುಗೋರಟೆಯನ್ನು ಬಳಸುತ್ತಾರೆ. ಸಂಬಂಧಿಕರ ಗುಣವನ್ನು ಇದಕ್ಕೂ ಆರೋಪಿಸಿ ಯಾರೋ ಬರೆದಿರಬೇಕು. ಗೋರಟೆಯನ್ನೇ ಕುರಿಂಜಿಯೆಂದು ತಿಳಿದ ಗುಂಪು ನಾಳೆ ಯಾವ ಎಲೆಯನ್ನು ಕುದಿಸೀತೆಂದು ಹೇಳುವುದು ಹೇಗೆ? ಕುರಿಂಜಿಯ ಜೇನಿನ ಮಾತು ಬೇರೆ. ಹೂವಿನಲ್ಲಿ ಮಕರಂದ ಹೇರಳವಾಗಿರುವುದರಿಂದ ಹೆಜ್ಜೇನೂ ತುಡುವೆಯೂ ಮುತ್ತುವುದು ನಿಜ. ಆ ಜೇನಿಗೆ ರುಚಿ ಇರುವುದೂ ನಿಜ. ಅದಕ್ಕೆ ಅಂಟಿಸುವ ರೋಗನಿವಾರಕ ಗುಣಗಳಿಗೆ ಮಾತ್ರ ಆಧಾರವಿಲ್ಲ.

ಶಾಲೆಯ ತೋಟದ ಆಸೆ ಒಳ್ಳೆಯದೇ ಆದರೂ ಅದನ್ನು ಈ ಗಿಡದಿಂದ ಆರಂಭಿಸಬೇಡಿ ಎಂದು ಹೇಳುತ್ತೇನೆ. ಅರಣ್ಯದಿಂದ ಬೀಜ ತರಲು ಇಲಾಖೆಯ ಲಿಖಿತ ಅನುಮತಿ ಬೇಕು. ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಗುಡ್ಡದ ತಲೆಯ ತಂಪು ಮತ್ತು ಬಸಿಯುವ ಕೆಂಪು ಮಣ್ಣು ಕೆಳಗಿನ ಊರಿನ ಶಾಲೆಯಲ್ಲಿ ಇರುವುದಿಲ್ಲ, ಮೊಳೆತ ಸಸಿ ಏಪ್ರಿಲ್ ಮೇ ತಿಂಗಳ ಬಳ್ಳಾರಿಯ ಬಿಸಿಲನ್ನು ವರ್ಷಾವರ್ಷ ದಾಟಬೇಕು, ದಾಟಿದರೂ ಅದನ್ನು ನೆಟ್ಟ ಮಕ್ಕಳು ಹೂ ನೋಡುವ ಮುನ್ನ ಶಾಲೆ ಬಿಟ್ಟಿರುತ್ತಾರೆ. ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಇಲ್ಲಿಯ ಬೀಜ ಸಿಗದಿದ್ದರೆ ಚಿಕ್ಕಮಗಳೂರಿನಿಂದಲೋ ಆನ್‌ಲೈನ್‌ನಲ್ಲಿಯೋ ತರಿಸಿ ಗುಡ್ಡದ ಮೇಲೆ ಎರಚೋಣ ಎನ್ನುವ ಉತ್ಸಾಹಿಗಳು ಹುಟ್ಟಿಕೊಳ್ಳುತ್ತಾರೆ. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ. ಒಣನಾಡಿನ ಈ ಗುಡ್ಡಕ್ಕೆ ಎಷ್ಟೋ ತಲೆಮಾರುಗಳಲ್ಲಿ ಒಗ್ಗಿಕೊಂಡ ಗುಂಪಿನ ನಡುವೆ ಮಲೆನಾಡಿನ ಬೀಜ ಬಿತ್ತಿದರೆ, ಹೂಬಿಡುವ ಸರದಿಯೂ ತಳಿಯ ಗುಣವೂ ಕಲಸಿಹೋಗುತ್ತವೆ. ಆಮೇಲೆ ಅದನ್ನು ಬೇರ್ಪಡಿಸಲು ಯಾರಿಂದಲೂ ಆಗದು. ಶಾಲೆಯ ತೋಟಕ್ಕೆ ನೇರಳೆ ಹೂವೇ ಬೇಕೆಂದಿದ್ದರೆ ಗೋರಟೆ ಇದ್ದೇ ಇದೆ. ಕಡ್ಡಿ ನೆಟ್ಟರೂ ಬದುಕುತ್ತದೆ, ವರ್ಷವೂ ಹೂ ಕೊಡುತ್ತದೆ, ದುಂಬಿ ಚಿಟ್ಟೆಗಳನ್ನೂ ಕರೆಯುತ್ತದೆ.

ಇಲಾಖೆಗೆ ತಿಳಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ‘ತಿಳಿಸಬೇಕು’ ಎಂಬುದೇ. ಸುಮ್ಮನಿದ್ದರೆ ಗಿಡ ಗುಟ್ಟಾಗಿ ಉಳಿಯುತ್ತದೆ ಎಂಬ ನಿಮ್ಮ ಲೆಕ್ಕ ಚಿತ್ರ ಹಂಚಿಕೆಯಾಗುವ ಮುನ್ನ ಸರಿಯಿತ್ತು. ಈಗ ಜಾಗ ಗೊತ್ತಿರುವುದು ಕಿತ್ತೊಯ್ಯುವವರಿಗೆ ಮಾತ್ರ, ಕಾಯಬೇಕಾದವರಿಗೆ ಗೊತ್ತಿಲ್ಲ. ವಲಯ ಅರಣ್ಯಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಜಿಪಿಎಸ್ ಅಂಕಿಗಳನ್ನು ಅವರಿಗೆ ಮಾತ್ರ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ. ಸಾರ್ವಜನಿಕವಾಗಿ ಬರೆಯುವಾಗ ‘ಸಂಡೂರು ತಾಲ್ಲೂಕು’ ಎಂದಷ್ಟೇ ಬರೆದರೆ ಸಾಕು; ಮೊಬೈಲಿನ ಚಿತ್ರದೊಳಗೆ ಜಾಗದ ಗುರುತು ತಾನಾಗಿಯೇ ಸೇರಿಕೊಂಡಿರುತ್ತದೆ, ಹಂಚುವ ಮುನ್ನ ಅದನ್ನು ತೆಗೆದುಹಾಕಿ. ಪ್ರಚಾರದಿಂದ ಒಂದು ಲಾಭವೂ ಇದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಕೇರಳದಲ್ಲಿ 2006ರ ಹೂಬಿಡುವಿಕೆಯ ಹೊತ್ತಿಗೆ ಎದ್ದ ಸಾರ್ವಜನಿಕ ಆಸಕ್ತಿಯಿಂದಲೇ ಕುರಿಂಜಿಮಲ ಅಭಯಾರಣ್ಯ ಘೋಷಣೆಯಾಯಿತು. ಆದರೆ ಅಲ್ಲಿ ಹೂವು ನೂರಾರು ಎಕರೆಗಳಲ್ಲಿತ್ತು. ಕೆಲವು ಗುಂಟೆಗಳ ನಿಮ್ಮ ಇಳಿಜಾರು ಎರಡು ಭಾನುವಾರಗಳ ತುಳಿತವನ್ನೂ ತಾಳಲಾರದು.

ಇನ್ನೊಂದು ಕೆಲಸವನ್ನು ಊರಿನವರೇ ಮಾಡಬಹುದು. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ಎಷ್ಟೋ ಕಡೆ ಅದು ಬೀರುವಿನಲ್ಲಿ ಮಲಗಿರುವ ಕಡತವಷ್ಟೇ ಆಗಿರುವುದನ್ನು ನಾನೂ ನೋಡಿದ್ದೇನೆ. ಆದರೂ ಈ ಹೂವಿನ ವಿಚಾರ, ಕಂಡ ತಿಂಗಳು, ಇಸವಿ, ಅಜ್ಜ ಹೇಳಿದ ಹಿಂದಿನ ಸರದಿ, ಚಿತ್ರಗಳು ಎಲ್ಲವನ್ನೂ ಅದರಲ್ಲಿ ಸೇರಿಸುವಂತೆ ಅರ್ಜಿ ಕೊಡಿ. ಏಕೆಂದು ಹೇಳುತ್ತೇನೆ. ಹೂವಿಲ್ಲದ ಹನ್ನೊಂದು ವರ್ಷ ಈ ಗಿಡ ಯಾರ ಕಣ್ಣಿಗೂ ವಿಶೇಷವೆನಿಸುವುದಿಲ್ಲ. ಬಂದರಿಕೆ, ಹಿಪ್ಟಿಸ್, ಬಾದೆ ಹುಲ್ಲುಗಳ ನಡುವೆ ಧೂಳು ಮೆತ್ತಿದ ಇನ್ನೊಂದು ಹಸಿರು ಪೊದೆಯಾಗಿ ನಿಂತಿರುತ್ತದೆ. ಗಣಿಗೋ ರಸ್ತೆಗೋ ಅರಣ್ಯ ಭೂಮಿ ಕೇಳುವ ಅರ್ಜಿಯಲ್ಲಿ, ಆ ಜಾಗದಲ್ಲಿ ಅಪರೂಪದ ಸಸ್ಯ ಪ್ರಾಣಿಗಳಿವೆಯೇ ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕಾಗುತ್ತದೆ. ಅದಕ್ಕಾಗಿ ನಡೆಯುವ ಸಮೀಕ್ಷೆ ಹೂವಿಲ್ಲದ ವರ್ಷದಲ್ಲಿ, ಅದರಲ್ಲಿಯೂ ಬೇಸಿಗೆಯಲ್ಲಿ ನಡೆದರೆ, ‘ಇಲ್ಲ’ ಎಂದು ಬರೆಯುವವರು ಸುಳ್ಳು ಹೇಳಿರುವುದಿಲ್ಲ, ಅವರಿಗೆ ಕಂಡಿರುವ ಸಾಧ್ಯತೆಯೇ ಕಡಿಮೆ. ಹೂ ಬಿಟ್ಟ ವರ್ಷದ ದಾಖಲೆ ಇದ್ದರೆ ಮಾತ್ರ ಆ ಉತ್ತರವನ್ನು ಪ್ರಶ್ನಿಸಲು ಬರುತ್ತದೆ.

ಹೂವಿನ ಹೆಸರು ಹೇಳಿದರೆ ಗಣಿ ನಿಲ್ಲುತ್ತದೆಯೇ ಎಂದು ನಿಮ್ಮ ಮನಸ್ಸಿನಲ್ಲಿದ್ದರೆ, ಅಂಥ ಭರವಸೆಯನ್ನು ನಾನು ಕೊಡಲಾರೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗಲೂ, ಆಮೇಲೆ ಷರತ್ತುಗಳೊಂದಿಗೆ ಮತ್ತೆ ಬಿಟ್ಟಾಗಲೂ ಒಂದು ಸಸ್ಯಕ್ಕಿಂತ ದೊಡ್ಡ ಪ್ರಶ್ನೆಗಳು ಎದುರಿಗಿದ್ದವು. ದಾಖಲೆ ಇಷ್ಟನ್ನು ಮಾತ್ರ ಮಾಡುತ್ತದೆ: ತೀರ್ಮಾನಿಸುವವರ ಮೇಜಿನ ಮೇಲೆ ಈ ಇಳಿಜಾರಿನ ಹೆಸರೂ ಇರುವಂತೆ ನೋಡಿಕೊಳ್ಳುತ್ತದೆ. ಗಣಿ ಮುಗಿದ ಜಾಗದಲ್ಲಿ ಸಸಿ ನೆಟ್ಟು ಹಸಿರು ಮಾಡುವ ಪುನಶ್ಚೇತನ ಕೆಲಸದಿಂದ ಕುರಿಂಜಿ ಮರಳಿ ಬರುತ್ತದೆ ಎಂದೂ ಎಣಿಸಬೇಡಿ. ರಾಶಿ ಹಾಕಿದ ಸಡಿಲ ಮಣ್ಣಿನ ಮೇಲೆ ನೆಟ್ಟ ಮರಗಳು ನೆರಳು ಕೊಡುತ್ತವೆ, ಮಣ್ಣು ಹಿಡಿಯುತ್ತವೆ. ಕುರಿಂಜಿಗೆ ಬೇಕಾದ ಹುಲ್ಲಿನ ಅಂಚು ಅಲ್ಲಿ ಇರುವುದಿಲ್ಲ.

ಇಷ್ಟೆಲ್ಲದರ ನಡುವೆ ನನಗೆ ಅತಿ ಹತ್ತಿರದ ಅಪಾಯವಾಗಿ ಕಾಣುವುದು ಬೆಂಕಿ. ಜನ ಹೂವಿರುವಾಗ ಬರುತ್ತಾರೆ, ಹೂ ಮುಗಿದರೆ ಮರೆಯುತ್ತಾರೆ; ಗಿಡದ ಪಾಲಿಗೆ ನಿರ್ಣಾಯಕವಾದ ಕಾಲ ಆರಂಭವಾಗುವುದು ಆಗ. ನವೆಂಬರಿನ ನಂತರ ಗಿಡ ಕಂದಾಗಿ ಒಣಗುತ್ತ ಕಾಯಿ ಬಲಿಯುತ್ತದೆ, ಒಣಹವೆಯಲ್ಲಿ ಸಿಡಿಯುತ್ತದೆ, ಬೀಜ ಹುಲ್ಲಿನ ಬುಡದಲ್ಲಿ ಮಳೆಗಾಗಿ ಕಾಯುತ್ತ ಬಿದ್ದಿರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಸಂಡೂರಿನ ಗುಡ್ಡಗಳಿಗೆ ಬೆಂಕಿ ಬೀಳುವುದನ್ನು ನೀವೂ ಕಂಡಿದ್ದೀರಿ. ಹೊಸ ಹುಲ್ಲು ಚಿಗುರಲೆಂದು ಹಚ್ಚಿದ್ದು, ಬೀಡಿಯ ತುದಿ, ಎರಡೂ ಒಂದೇ ಕೆಲಸ ಮಾಡುತ್ತವೆ. ಬೇರೆ ವರ್ಷದಲ್ಲಿ ಬೆಂಕಿ ಬಿದ್ದರೆ ಬುಡ ಚಿಗುರಿ ಕೆಲವು ಗಿಡಗಳಾದರೂ ಉಳಿದಾವು. ಈ ವರ್ಷ ಬುಡಗಳೆಲ್ಲ ಸಾಯುತ್ತಿವೆ, ಇರುವುದೆಲ್ಲ ನೆಲದ ಮೇಲಿನ ಬೀಜ. ಆದುದರಿಂದ ಅರಣ್ಯಾಧಿಕಾರಿಗೆ ಕೊಡುವ ಪತ್ರದಲ್ಲಿ ಕಾವಲಿಗಿಂತ ಮೊದಲು ಬೆಂಕಿರೇಖೆಯನ್ನು ಕೇಳಿ. ಆ ಇಳಿಜಾರಿನ ಸುತ್ತ ಡಿಸೆಂಬರ್ ಮುಗಿಯುವುದರೊಳಗೆ ಹುಲ್ಲು ಸವರಿ ಬೆಂಕಿರೇಖೆ ಮಾಡುವುದು ಇಲಾಖೆಗೆ ಹೊಸ ಕೆಲಸವೇನಲ್ಲ. ಕುರಿಗಾಹಿಗಳನ್ನು ಎದುರು ಹಾಕಿಕೊಳ್ಳದೆ ಅವರನ್ನೂ ಮಾತಿಗೆ ಕರೆಯಿರಿ. ಯಾವ ಇಳಿಜಾರಿಗೆ ಯಾವಾಗ ಬೆಂಕಿ ಬೀಳುತ್ತದೆಂದು ಅವರಷ್ಟು ಚೆನ್ನಾಗಿ ತಿಳಿದವರು ಯಾರೂ ಇಲ್ಲ. ಒಣಗಿದ ಗಿಡಗಳನ್ನು ‘ಸ್ವಚ್ಛತೆ’ಯ ಹೆಸರಿನಲ್ಲಿ ಯಾರೂ ಕಡಿಯದಂತೆಯೂ ಹೇಳಿಸಿ, ಕಾಯಿಯಿರುವುದು ಅದರಲ್ಲಿಯೇ.

ಮುಂದಿನ ಸಲ ಹೋದಾಗ ಒಬ್ಬರೋ ಇಬ್ಬರೋ ಹೋಗಿ, ಗಿಡಗಳ ನಡುವೆ ಇಳಿಯದೆ ಅಂಚಿನಲ್ಲಿ ನಿಂತು ಚಿತ್ರ ತೆಗೆಯಿರಿ. ನನಗೆ ಬೇಕಾದವು ಇವು: ಎಲೆಯ ಮೇಲ್ಭಾಗ ಮತ್ತು ಹಿಂಬದಿ, ಪಕ್ಕದಲ್ಲಿ ಅಳತೆಗೆ ಒಂದು ರೂಪಾಯಿಯ ನಾಣ್ಯ ಹಿಡಿದು, ತೆನೆ ಬದಿಯಿಂದ, ಉಪಪತ್ರಗಳು ಕಾಣುವಂತೆ, ಪುಷ್ಪಪಾತ್ರೆಯ ಸೀಳುಗಳು, ಕಾಂಡದ ಗಿಣ್ಣು, ಮತ್ತು ದೂರದಿಂದ ಇಡೀ ಇಳಿಜಾರು. ಯಾವುದನ್ನೂ ಕೀಳಬೇಡಿ, ಗಿಡದಲ್ಲಿರುವಂತೆಯೇ ತಿರುಗಿಸಿ ತೆಗೆದರೆ ಸಾಕು. ಜಾತಿ ನಿರ್ಣಯಕ್ಕೆ ಒಣಗಿಸಿದ ಮಾದರಿಯೇ ಬೇಕಾದರೆ, ಅದನ್ನು ಅನುಮತಿ ಪಡೆದ ಸಂಶೋಧಕರು ಒಂದು ಕೊಂಬೆಯಷ್ಟು ತೆಗೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವಂಥ ಸಸ್ಯಸಂಗ್ರಹದಲ್ಲಿ ಇಡುವುದು ಕ್ರಮ. ಚಿತ್ರಗಳನ್ನು ಹೂವಿರುವಾಗ ಒಮ್ಮೆ, ಜನವರಿಯಲ್ಲಿ ಕಾಯಿ ಒಣಗಿದಾಗ ಒಮ್ಮೆ, ಬರುವ ಮಳೆಗಾಲದ ಜುಲೈ ತಿಂಗಳಲ್ಲಿ ಸಸಿ ಮೊಳೆತಿದೆಯೇ ಎಂದು ನೋಡಲು ಮತ್ತೊಮ್ಮೆ, ಒಂದೇ ಜಾಗದಲ್ಲಿ ನಿಂತು ತೆಗೆದು ಕಳಿಸಿ.